ನಿದಾನವೂ ನಿಧಾನವೂ

ಕನ್ನಡದಲ್ಲಿ ‘ನಿದಾನ’ ಎಂದರೆ ಮೂಲಕಾರಣ, ರೋಗದ ಕಾರಣವನ್ನು ಗುರುತಿಸುವ ಕ್ರಮ. ‘ನಿಧಾನ’ ಎಂದರೆ ಸಾವಕಾಶ. ಎರಡಕ್ಕೂ ಒಂದು ಮಹಾಪ್ರಾಣದ ಅಂತರ. ಮರಾಠಿಯ ‘ನಿದಾನ’ಕ್ಕೆ ರೋಗನಿರ್ಣಯದ ಜೊತೆಗೆ ‘ಕನಿಷ್ಠಪಕ್ಷ’ ಎಂಬ ಅರ್ಥವೂ ಉಂಟು. ಅಕ್ಕಲಕೋಟದ ಒಂದು ಸಣ್ಣ ಗ್ಯಾರೇಜಿನಲ್ಲಿ ಈ ಮೂರೂ ಅರ್ಥಗಳು ಒಂದೇ ಮಧ್ಯಾಹ್ನ ಒಟ್ಟಿಗೆ ಬಂದವು.

ಅಲ್ಲಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರು. ದಿನವೂ ಬೈಕಿನಲ್ಲಿ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಯೊಬ್ಬನಿಗೆ ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಬಂಡಿ ಥರಥರನೆ ನಡುಗುತ್ತಿತ್ತು. ಡಿಸ್ಕ್ ಸೊಟ್ಟಗಾಗಿದೆಯೆಂದು ಬೇರೊಂದು ಕಡೆ ಹೇಳಿದ್ದರು. ಪರೀಕ್ಷಾ ಶುಲ್ಕಕ್ಕೆಂದು ತೆಗೆದಿಟ್ಟ ಹಣ ಹಿಡಿದು ಅವನು ಬಂದಿದ್ದ.

“ಕಾಕಾ, ಹೊಸಾ ಡಿಸ್ಕ್ ಹಾಕ್ರಿ.”

“ತಡೀಯೋ ತಮ್ಮಾ. ನಡುಗೋದು ಎಲ್ಲಿ ಗೊತ್ತಾಗತದ? ಬ್ರೇಕ್ ಹಿಡಿದ ಬೆರಳಿಗೋ, ಹ್ಯಾಂಡಲ್ಲಿಗೋ?”

ಆ ಪ್ರಶ್ನೆಯಲ್ಲೇ ಅರ್ಧ ನಿದಾನವಿತ್ತು. ಲೀವರು ಬೆರಳನ್ನು ಒಂದೇ ಲಯದಲ್ಲಿ ಮರಳಿ ಮರಳಿ ತಳ್ಳುತ್ತಿದ್ದರೆ ಸಂಶಯ ಡಿಸ್ಕಿನ ಮೇಲೆ: ಅದು ಓಲಾಡುತ್ತಿರಬಹುದು, ಅಥವಾ ಅದರ ದಪ್ಪ ಎಲ್ಲೆಡೆ ಸಮವಾಗಿರಲಿಕ್ಕಿಲ್ಲ. ಲೀವರು ಶಾಂತವಾಗಿದ್ದು ಹ್ಯಾಂಡಲ್ ಮಾತ್ರ ಅದುರಿದರೆ ಕತ್ತಿನ ಕೋನ್ ಸೆಟ್ಟನ್ನೋ ಫೋರ್ಕನ್ನೋ ನೋಡಬೇಕು. ಬ್ರೇಕ್ ಮುಟ್ಟದೆಯೂ ನಡುಕವಿದ್ದರೆ ಟೈರು, ರಿಮ್ಮು, ಗಾಲಿಯ ಬೇರಿಂಗು.

ಹುಡುಗನ ಉತ್ತರ ‘ಹ್ಯಾಂಡಲ್ಲಿಗೆ’ ಎಂದಾಗ ಕಾಕಾ ಕೈಕೆಳಗಿನ ಪೋರನಿಗೆ ಮರಾಠಿಯಲ್ಲಿ ಹೇಳಿದರು: “ನಿದಾನ ಚಾಕ ತರೀ ಉಚಲೂನ ಬಘ.” ಕನಿಷ್ಠಪಕ್ಷ ಗಾಲಿಯನ್ನಾದರೂ ಎತ್ತಿ ನೋಡು ಎಂದರ್ಥ. ಬಂಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂಬದಿಯನ್ನು ಒತ್ತಿ ಹಿಡಿದು ಮುಂದಿನ ಗಾಲಿಯನ್ನು ನೆಲದಿಂದ ಎತ್ತಿದರು. ಫೋರ್ಕಿನ ಎರಡೂ ಕಾಲುಗಳನ್ನು ಕೆಳಗೆ ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಕತ್ತಿನಲ್ಲಿ ‘ಟಕ್’ ಎಂಬ ಸದ್ದು ಕೇಳಿತು. ಕೋನ್ ಸೆಟ್ ಸಡಿಲಾಗಿತ್ತು. ಬ್ರೇಕ್ ಹಿಡಿದಾಗ ಬಂಡಿಯ ಭಾರ ಮುಂದಕ್ಕೆ ವಾಲುವುದರಿಂದ ಆ ಸಡಿಲು ಆಗಲೇ ಪ್ರಕಟವಾಗುತ್ತಿತ್ತು.

ಆದರೂ ಅವರು ಡಿಸ್ಕನ್ನು ಬಿಡಲಿಲ್ಲ. ಡಯಲ್ ಗೇಜ್ ಹಚ್ಚಿ ಗಾಲಿ ತಿರುಗಿಸಿದರು. ಅನೇಕ ಬಂಡಿಗಳಲ್ಲಿ 0.3 ಮಿಲಿಮೀಟರಿನ ಆಸುಪಾಸಿನ ಓಲಾಟವೇ ಮಿತಿ. ಇಲ್ಲಿ ಅದು ಮಿತಿಯೊಳಗಿತ್ತು. ಡಿಸ್ಕಿನ ಮೇಲೆ ಅಚ್ಚೊತ್ತಿದ ಕನಿಷ್ಠ ದಪ್ಪಕ್ಕಿಂತಲೂ ಅದು ಹೆಚ್ಚೇ ಉಳಿದಿತ್ತು. ಕ್ಯಾಲಿಪರಿನ ಪಿನ್ನುಗಳು ಸರಾಗವಾಗಿ ಸರಿಯುತ್ತಿದ್ದವು. ಡಿಸ್ಕ್ ಕೂರುವ ಜಾಗದಲ್ಲಿ ತುಕ್ಕಿದ್ದರೆ ಹೊಸ ಡಿಸ್ಕ್ ಕೂಡ ಓಲಾಡುತ್ತದೆ ಎಂಬುದನ್ನೂ ಅವರು ಹುಡುಗನಿಗೆ ತಿಳಿಸಿದರು.

ಕೊನೆಗೆ ಕತ್ತಿನ ನಟ್ಟನ್ನು ಹದವಾಗಿ ಬಿಗಿದರು. ಅತಿಯಾಗಿ ಬಿಗಿದರೆ ಹ್ಯಾಂಡಲ್ ಜಡವಾಗಿ ಬಂಡಿ ನೇರ ಓಡುವುದಿಲ್ಲ. ಗುಂಡುಗಳು ಬಟ್ಟಲಿನಲ್ಲಿ ಗುಳಿ ಮಾಡಿದ್ದರೆ ಬಿಗಿತವೂ ಸಾಲದು, ಸೆಟ್ಟನ್ನೇ ಬದಲಿಸಬೇಕು. ಇಲ್ಲಿ ಆ ಅಗತ್ಯ ಬೀಳಲಿಲ್ಲ.

ಡಿಸ್ಕ್ ಬದಲಿಸಿದ್ದರೆ ಹಣ ಹೋಗುತ್ತಿತ್ತು, ನಡುಕ ಉಳಿಯುತ್ತಿತ್ತು. ಸಂಜೆಗತ್ತಲಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರಾಲಿ ಎದುರಾಗುವ ದಾರಿಯಲ್ಲಿ ಆ ನಡುಕಕ್ಕೆ ಪ್ರಾಣದ ಬೆಲೆ ತೆರಬೇಕಾದೀತು.

ಪದ್ಯವೊಂದು ಕಠಿಣವೆನಿಸಿದೊಡನೆ ಗೈಡಿನ ಸಾರಾಂಶಕ್ಕೆ ಕೈಹಾಕುವವರಿಗೂ ಕಾಕಾ ಅವರ ಕ್ರಮ ಸಲ್ಲುತ್ತದೆ. ತೊಡಕಿರುವುದು ಪದದಲ್ಲೋ, ಅನ್ವಯದಲ್ಲೋ, ಸಂದರ್ಭದಲ್ಲೋ ಎಂದು ಮೊದಲು ಕೇಳಿಕೊಳ್ಳಬೇಕು. ನಿಧಾನವಿಲ್ಲದೆ ನಿದಾನವಿಲ್ಲ.