ಎಫ್ ಅಕ್ಷರದ ಬೋಲ್ಟು

ಕೋಡಿಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನ ಕೊಟ್ಟಿಗೆಯ ಪಕ್ಕ ಒಂದು ಜೀಪು ನಿಂತಿರುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹರಾಜಿನಲ್ಲಿ ತಾತ ಕೊಂಡದ್ದು. ಅದಕ್ಕೆ ಬಾಗಿಲಿಲ್ಲ. ಕ್ಯಾನ್ವಾಸ್ ಹುಡ್ಡು ಮಡಚಿ, ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಿಬಿಟ್ಟರೆ ಮುಖದ ತುಂಬ ಗಾಳಿ. ಹಿಪ್ಪುನೇರಳೆ ಸೊಪ್ಪು ತರುವುದಕ್ಕೆ, ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವುದಕ್ಕೆ, ರಾಗಿ ಹೊಲಕ್ಕೆ ಆನೆ ಬಂದ ರಾತ್ರಿ ಓಡಿಸುವುದಕ್ಕೆ, ಎಲ್ಲಕ್ಕೂ ಅದೇ.

2012ರಲ್ಲಿ ನಾನದನ್ನು ಕೇಳಿ ಪಡೆದೆ. ‘ಚೆನ್ನಾಗಿ ಮಾಡ್ಸು ಮಗ’ ಅಂದರು ದೊಡ್ಡಪ್ಪ. ಆ ಮಾತಿನ ಅರ್ಥ ನನಗೆ ಗೊತ್ತಿದೆ ಅಂದುಕೊಂಡೆ.

ಗ್ಯಾರೇಜಿನಲ್ಲಿ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿದೆವು. ಹಳೆಯದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಸೀಟು ಹೆಚ್ಚಾಗಲಿ ಎಂದು ಹಿಂದಿನ ಬಾಡಿ ಕತ್ತರಿಸಿ ಉದ್ದ ಮಾಡಿಸಿದೆ. ಡ್ಯಾಶ್‌ಬೋರ್ಡಿನ ಲೋಹದ ಫಲಕಗಳು ಪೇಂಟಿಗೆ ಅಡ್ಡ ಬಂದವು, ಕೀಳಿಸಿದೆ. ಕೆಲಸದ ಹುಡುಗ ಒಂದು ಬೋಲ್ಟು ಒರೆಸಿ ತೋರಿಸಿದ: ‘ಅಣ್ಣ, ತಲೆ ಮೇಲೆ ಎಫ್ ಅಂತ ಐತೆ.’ ತುಕ್ಕು ಹಿಡಿದಿದೆ, ಹೊಸದು ಹಾಕು ಅಂದೆ. ಅವನಿಗೆ ಕಂಡದ್ದು ನನಗೆ ಕಾಣಲಿಲ್ಲ.

ಹಳೆ ವಾಹನಗಳನ್ನು ಸಂಗ್ರಹಿಸುವವರೊಬ್ಬರು ನೋಡಲು ಬಂದಾಗಲೇ ಆ ಅಕ್ಷರದ ಕಥೆ ತಿಳಿದದ್ದು. ಯುದ್ಧಕಾಲದ ಜೀಪು ವಿಲ್ಲಿಸ್ ಕಂಪನಿಯದು ಮಾತ್ರವಲ್ಲ. ಅದೇ ನಮೂನೆಯಲ್ಲಿ ಫೋರ್ಡ್ ಕೂಡ ಸುಮಾರು 2.8 ಲಕ್ಷ ಜೀಪು ಮಾಡಿತ್ತು, ತನ್ನ ಬಿಡಿಭಾಗಗಳ ಮೇಲೆ ಎಫ್ ಒತ್ತಿತ್ತು. ನಮ್ಮದು ಫೋರ್ಡಿನ ಆ ಜಿಪಿಡಬ್ಲ್ಯೂ ಮಾದರಿ. ಅವರು ಬಾನೆಟ್ ಎತ್ತಿ ನೋಡಿ ಮೆಲ್ಲಗೆ ಇಳಿಸಿದರು. ಫಲಕ ಕಿತ್ತ ಜಾಗದ ಸ್ಕ್ರೂ ತೂತುಗಳ ಮೇಲೆ ಬೆರಳಾಡಿಸಿದರು, ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸಂಗ್ರಹಕಾರರು ಹಳೆ ವಾಹನದಲ್ಲಿ ಮೊದಲು ಹುಡುಕುವುದು ಇಂಜಿನ್ ಕಾರ್ಖಾನೆಯಿಂದ ಬಂದದ್ದೇ ಹೌದೋ ಎಂದು. ಹೊಳಪು ಆಮೇಲಿನ ಮಾತು. ನಾನು ಹೊಳಪಿಗೇ ದುಡ್ಡು ಸುರಿದಿದ್ದೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲಿರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಕ್ಷರ. ವಯಸ್ಸೊಂದು ಬಿಟ್ಟರೆ ನಮ್ಮ ಜೀಪಿನಲ್ಲಿ ಬೇರೇನೂ ಉಳಿದಿರಲಿಲ್ಲ. ಆದರೆ ನನ್ನನ್ನು ಸುಟ್ಟದ್ದು ಆ ನಿಯಮವಲ್ಲ. ಹಬ್ಬಕ್ಕೆ ಜೀಪು ತಂದಾಗ ದೊಡ್ಡಪ್ಪ ಅದರ ಸದ್ದು ಕೇಳಿ, ‘ಇದು ನಮ್ದಲ್ಲ ಕಣ್ ಮಗ’ ಅಂದದ್ದು.

ಗುಜರಿ ಅಂಗಡಿಗೆ ಓಡಿದೆ. ಒಂಬತ್ತು ವರ್ಷದ ಹಿಂದಿನ ಕಬ್ಬಿಣ ಎಲ್ಲಿ ಸಿಗಬೇಕು? ಎಂದೋ ಕರಗಿ ಇನ್ನೇನೋ ಆಗಿತ್ತು.

ಕಳೆದ ಸಂಕ್ರಾಂತಿಗೆ ಕೊಟ್ಟಿಗೆ ತೊಳೆಯುವಾಗ ಗೂಟದ ಕಂಬದಲ್ಲಿ ಒಂದು ದಪ್ಪ ಬೋಲ್ಟು ಕಂಡಿತು. ತೆಂಗಿನ ನಾರಿನಿಂದ ಉಜ್ಜಿದೆ. ಎಫ್. ಎಂದೋ ಬದಲಿಸಿದ ಬೋಲ್ಟನ್ನು ತಾತನೋ ದೊಡ್ಡಪ್ಪನೋ ಅಲ್ಲಿಗೆ ಹೊಡೆದಿದ್ದರು. ಸ್ಪ್ಯಾನರ್ ಜೇಬಿನಲ್ಲೇ ಇತ್ತು, ಬಿಚ್ಚಲಿಲ್ಲ. ಹಸುವಿನ ಹಗ್ಗ ಅದಕ್ಕೇ ಕಟ್ಟಿತ್ತು.