ಉಪವಾಸವೂ ಉದರವ್ಯಾಧಿಯೂ

ಹಿರಿಯರು ಹೇಳಿಕೊಳ್ಳುವ ತೊಂದರೆಗಳಲ್ಲಿ ಹೊಟ್ಟೆಯ ತೊಂದರೆಗೆ ಆಗುವಷ್ಟು ಉಪೇಕ್ಷೆ ಬೇರಾವುದಕ್ಕೂ ಆಗದು. ಎದೆನೋವೆಂದರೆ ಮನೆಯವರೆಲ್ಲ ಎದ್ದು ನಿಲ್ಲುತ್ತಾರೆ; ಹೊಟ್ಟೆ ಭಾರವೆಂದರೆ ಜೀರಿಗೆಯ ಕಷಾಯ ಬರುತ್ತದೆ. ಅಂದು ಅಷ್ಟಮಿಯೋ ಚತುರ್ದಶಿಯೋ ಆಗಿದ್ದರಂತೂ ‘ಹೇಗೂ ಉಪವಾಸ, ಹೊಟ್ಟೆಗೆ ವಿಶ್ರಾಂತಿಯಾಯಿತು’ ಎಂಬ ಸಮಾಧಾನವೂ ಸೇರಿಕೊಳ್ಳುತ್ತದೆ. ಬಹುಕಾಲದ ಮಧುಮೇಹಿಗಳ ವಿಷಯದಲ್ಲಿ ಈ ಸಮಾಧಾನ ಎಂತಹ ಅಪಾಯಕ್ಕೆ ಒಯ್ಯಬಲ್ಲುದೆಂಬುದನ್ನು ನಮ್ಮ ಕುಟುಂಬ ಕೆಲವು ವರ್ಷಗಳ ಹಿಂದೆ ಕಣ್ಣಾರೆ ಕಂಡಿತು.

ಭಟ್ಕಳದ ಚಂದ್ರನಾಥೇಶ್ವರ ಬಸದಿ, ಹಾಡುವಳ್ಳಿ, ಗೇರುಸೊಪ್ಪೆಯ ಚತುರ್ಮುಖ ಬಸದಿಗಳ ದರ್ಶನ ಮುಗಿಸಿ, ಮಕ್ಕಳ ಆಸೆಗಾಗಿ ಗೋಕರ್ಣದ ಬಳಿಯ ಓಂ ಬೀಚಿಗೆ ಹೋಗಿದ್ದೆವು. ನನ್ನ ಸೋದರಮಾವನವರಿಗೆ ಆಗ ಎಪ್ಪತ್ತನಾಲ್ಕು ವರ್ಷ. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷಗಳಿಂದಲೂ ಇತ್ತು. ಅಂದು ಅಷ್ಟಮಿಯಾದ್ದರಿಂದ ನಿರಾಹಾರಿಗಳಾಗಿದ್ದ ಅವರು, ಊಟವಿಲ್ಲವೆಂದು ಬೆಳಗಿನ ಇನ್ಸುಲಿನ್ ಚುಚ್ಚುಮದ್ದನ್ನೂ ಬಿಟ್ಟಿದ್ದರು. ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಭಾರವೆಂದು ಹಿಂದಿನ ದಿನವೇ ಹೇಳಿದ್ದರು. ಕಡಲಿಗೆ ಇಳಿಯುವ ಮೆಟ್ಟಿಲುಗಳ ನಡುವೆ ಕುಳಿತವರು ಏಳಲಿಲ್ಲ. ಬೆಚ್ಚನೆಯ ಗಾಳಿಯಲ್ಲೂ ಮೈ ನಡುಗುತ್ತಿತ್ತು, ಉಸಿರು ತೀವ್ರವಾಗಿತ್ತು. ‘ಭಟ್ಕಳ ಇನ್ನೂ ಎಷ್ಟು ದೂರ?’ ಎಂದು ಎರಡು ಸಲ ಕೇಳಿದರು; ಭಟ್ಕಳವನ್ನು ನಾವು ದಾಟಿ ಬಂದಾಗಿತ್ತು. ಸೊಸೆ ಬೆರಳು ಚುಚ್ಚಿ ನೋಡಿದಳು. ಹಿಂದಿನ ಸಂಜೆಯಿಂದ ಏನನ್ನೂ ತಿನ್ನದ ದೇಹದಲ್ಲಿ ಸಕ್ಕರೆ ಮುನ್ನೂರನ್ನು ಮೀರಿತ್ತು.

ಆಸ್ಪತ್ರೆಗೆ ಹೊರಡೋಣವೆಂದರೆ ಅವರು ಒಪ್ಪಲಿಲ್ಲ. ‘ಸೂರ್ಯಾಸ್ತವಾಯಿತು. ಇನ್ನು ಔಷಧ ಬೇಡ. ಆಯುಷ್ಯ ಇದ್ದಷ್ಟೇ. ನನ್ನ ಪರಿಣಾಮ ಕೆಡಿಸಬೇಡಿ’ ಎಂದರು. ಅತ್ತೆಯವರು ಐವತ್ತು ವರ್ಷಗಳಲ್ಲಿ ಪತಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಅಂದು ಕೇಳಿದರು: ‘ಇದು ವ್ರತವೋ, ಹಠವೋ? ಅದನ್ನಾದರೂ ಹೇಳಿ.’ ಮಾವನವರು ಉತ್ತರ ಕೊಡಲಿಲ್ಲ, ಕೈ ಚಾಚಿದರು. ಹಿಡಿದು ಎಬ್ಬಿಸಿದೆವು.

ಕುಮಟಾದಲ್ಲಿ ಪ್ರಥಮ ಚಿಕಿತ್ಸೆಯಾಗಿ, ಆ ರಾತ್ರಿಯೇ ನೂರು ಕಿಲೋಮೀಟರಿಗೂ ಮಿಕ್ಕಿ ದಕ್ಷಿಣಕ್ಕೆ ಪ್ರಯಾಣ ಮಾಡಿ ದೊಡ್ಡ ಆಸ್ಪತ್ರೆ ಸೇರಬೇಕಾಯಿತು. ಪಿತ್ತಕೋಶದಲ್ಲಿ ತೀವ್ರ ಸೋಂಕಾಗಿತ್ತು. ಇಷ್ಟಿದ್ದೂ ಜ್ವರವೇ ಇರಲಿಲ್ಲವಲ್ಲ ಎಂದು ಕೇಳಿದಾಗ ವೈದ್ಯರು ವಿವರಿಸಿದರು: ದೀರ್ಘಕಾಲದ ಮಧುಮೇಹದಲ್ಲಿ ನರಗಳು ಮಂದವಾಗುವುದರಿಂದ ನೋವು ರೋಗದ ಪ್ರಮಾಣದಲ್ಲಿ ತೋರದು, ವೃದ್ಧಾಪ್ಯದಲ್ಲಿ ಜ್ವರವೂ ಬಾರದಿರಬಹುದು. ಉಣ್ಣದಿದ್ದರೂ ಸೋಂಕು ಸಕ್ಕರೆಯನ್ನು ಏರಿಸುತ್ತದೆ. ಆದುದರಿಂದ ಕಾಯಿಲೆಯ ದಿನ ಇನ್ಸುಲಿನ್ನನ್ನು ತಾವಾಗಿಯೇ ನಿಲ್ಲಿಸಲಾಗದು. ನಡುಕ, ವಾಂತಿ, ಮಾತಿನ ಗೊಂದಲ, ವೇಗದ ಉಸಿರು, ಮೂತ್ರ ಕಡಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಮೇಲುಹೊಟ್ಟೆಯ ಸಂಕಟವು ಮಧುಮೇಹಿಗಳಲ್ಲಿ ಹೃದಯಾಘಾತದ ಸೂಚನೆಯೂ ಆಗಿರಬಹುದಂತೆ. (ಇನ್ಸುಲಿನ್ ಪ್ರಾಣಿಜನ್ಯವೆಂಬ ಹಳೆಯ ಆಕ್ಷೇಪ ಕೆಲವರಲ್ಲಿ ಇನ್ನೂ ಉಳಿದಿದೆ. ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ಅದನ್ನು ತೆಗೆಯುತ್ತಿದ್ದ ಕಾಲವೊಂದಿತ್ತು. ಸೂಕ್ಷ್ಮಜೀವಿಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್‌ಗೆ 1982ರಲ್ಲೇ ಅನುಮತಿ ದೊರೆತು, ಇಂದು ಬಹುಮಟ್ಟಿಗೆ ಅಂಥದ್ದೇ ಬಳಕೆಯಲ್ಲಿದೆ.)

ಇನ್ನು ಧರ್ಮದ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಎಣಿಸಿ, ಅವು ನಿಷ್ಪ್ರತೀಕಾರವಾಗಿರಬೇಕು ಎನ್ನುತ್ತಾರೆ, ಅಂದರೆ ಪರಿಹಾರವಿಲ್ಲದವಾಗಿರಬೇಕು. ಆ ಆಚಾರ್ಯರನ್ನೇ ಕಾಡಿದ್ದು ಉದರವ್ಯಾಧಿ ಎಂಬುದು ಗಮನಾರ್ಹ. ಅವರು ಭಸ್ಮಕ ರೋಗವನ್ನು ಗೆದ್ದ ವಿಷಯ ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಸೂಚಿತವಾಗಿದೆ. ಐತಿಹ್ಯದ ಪ್ರಕಾರ ಅವರು ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಕೊಡಲಿಲ್ಲ. ಮೊದಲು ರೋಗವನ್ನು ಶಮನಗೊಳಿಸಿಕೊಳ್ಳುವಂತೆ ಆಜ್ಞಾಪಿಸಿದರು. ಅದಕ್ಕಾಗಿ ಅವರು ಮುನಿವೇಷವನ್ನೇ ತೊರೆಯಬೇಕಾಯಿತು. ಗುಣವಾದ ಬಳಿಕ ಮತ್ತೆ ದೀಕ್ಷೆ ಪಡೆದರು. ಮುನಿಗೇ ದೊರೆಯದ ಅಪ್ಪಣೆಯನ್ನು ಶ್ರಾವಕನೊಬ್ಬನು ಕಡಲತೀರದ ಮೆಟ್ಟಿಲ ಮೇಲೆ ಕುಳಿತು ತನಗೆ ತಾನೇ ಕೊಟ್ಟುಕೊಳ್ಳಬಹುದೇ?

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದಾಗ ನಮ್ಮ ಸಮಾಜ ದೇಶದಾದ್ಯಂತ ಬೀದಿಗಿಳಿಯಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಪರಿಹಾರವಿಲ್ಲದ ಸ್ಥಿತಿ, ಗುರುವಿನ ಅನುಮತಿ, ಕ್ರಮಕ್ರಮವಾದ ತ್ಯಾಗ ಇವೇ ಅಂದು ನಾವು ಮುಂದಿಟ್ಟ ವಾದದ ಆಧಾರ. ಔಷಧದಿಂದ ವಾಸಿಯಾಗುವ ಸೋಂಕನ್ನು ಮುಚ್ಚಿಟ್ಟುಕೊಂಡು ಅದಕ್ಕೆ ವ್ರತದ ಹೆಸರಿಟ್ಟರೆ ಆ ವಾದವನ್ನು ನಮ್ಮ ಕೈಯಿಂದಲೇ ಕೆಡವಿದಂತೆ.

ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧವೂ ಚತುರ್ವಿಧ ದಾನಗಳಲ್ಲೊಂದು. ಬಸದಿಗಳ ಟ್ರಸ್ಟುಗಳು ಯಾತ್ರೆಯಲ್ಲಿ ಊಟ, ವಸತಿಗಳಿಗೆ ವಹಿಸುವ ಶ್ರದ್ಧೆಯನ್ನು ಇದಕ್ಕೆ ವಹಿಸುವುದಿಲ್ಲವೆಂದೇ ನನ್ನ ಅಭಿಪ್ರಾಯ. ಉತ್ತರ ಕನ್ನಡದಲ್ಲಿ ತೀವ್ರ ರೋಗಿಯನ್ನು ಹೊತ್ತ ವಾಹನ ಎಷ್ಟು ದೂರ ಓಡಬೇಕೆಂಬುದು, 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾದಾಗ ನಾಡಿಗೆಲ್ಲ ತಿಳಿಯಿತು. ಅಂತಹ ಊರಿಗೆ ವೃದ್ಧರನ್ನು ಕರೆದೊಯ್ಯುವಾಗ ಹತ್ತಿರದ ಆಸ್ಪತ್ರೆ ಯಾವುದೆಂಬುದು ಬಸ್ಸಿನಲ್ಲಿ ಒಬ್ಬರಿಗಾದರೂ ಗೊತ್ತಿರಬೇಕಲ್ಲವೇ?

ಮಾವನವರು ಹನ್ನೊಂದು ದಿನಗಳ ನಂತರ ಮನೆಗೆ ಬಂದರು. ಈಗ ಅಷ್ಟಮಿಯಂದು ವೈದ್ಯರನ್ನು ಕೇಳಿಯೇ ರಸತ್ಯಾಗ ಮಾಡುತ್ತಾರೆ, ನಿರಾಹಾರವಿಲ್ಲ. ತಮ್ಮ ಊರಿನ ಬಸದಿಯ ಯಾತ್ರಾ ಅರ್ಜಿಯಲ್ಲಿ ರೋಗ, ಔಷಧಗಳ ವಿವರಕ್ಕಾಗಿ ಎರಡು ಸಾಲು ಸೇರಿಸುವಂತೆ ಹೇಳಿ, ಮೊದಲ ಅರ್ಜಿಯನ್ನು ತಾವೇ ತುಂಬಿಕೊಟ್ಟರು.