ಗೇಟಿನ ಸಂದಿ

ಐಟಿಐ ವೆಲ್ಡರ್ ತರಬೇತಿ 1 ವರ್ಷದ್ದು. 8ನೇತ್ತ ಪಾಸಾಗಿದ್ದರೆ ಸಾಕು. ನಾವು ಬಿ.ಎ. ಮುಗಿಸಿ ಸೇರಿದವರು. ಹಲಬರ್ಗಾ ಸ್ಟೇಷನ್ನಿನಿಂದ ಬೀದರಿಗೆ ದಿನಾ ರೈಲಿನಾಗ ಹೋಗಿ ಬಂದೆವು. "ಇಷ್ಟು ಓದಿ ಮತ್ತ ಬೆಂಕಿ ಮುಂದ ಕುಂದ್ರತೀರೇನ್ರೋ?" ಅಂದರು ನಮ್ಮ ಅವ್ವಂದಿರು.

ರಾಡು ದೂರಾದರೆ ಕಿಡಿ ಆರುತ್ತದೆ, ತೀರಾ ಹತ್ತಿರಾದರೆ ಕಬ್ಬಿಣಕ್ಕೇ ಅಂಟುತ್ತದೆ. ಕಪ್ಪುಗಾಜು ಮರೆತ ದಿನ ರಾತ್ರಿ ಕಣ್ಣಾಗ ಮರಳು ಹೊಕ್ಕಂಗ ಉರಿ. ಬೆಸುಗೆಯ ಮೇಲೆ ಕಟ್ಟಿದ ಕಿಟ್ಟ ಬಡಿದು ಉದುರಿಸಿದ ಮ್ಯಾಲೇ ಅದು ಗಟ್ಟಿಯೋ ಪೊಳ್ಳೋ ಗೊತ್ತಾಗೋದು.

ಕಲಿತು ಬಂದು ಒಂದೂರಿನ ಗುಡಿಗೆ ಗೇಟು ಬೆಸೆದೆವು. ಕೂಡಿಸಿ, ಬಣ್ಣ ಹಚ್ಚಿ ಹೊರಗೆ ನಿಂತೆವು. ಗೌಡರು ಒಳಗಿನಿಂದ ಅಲುಗಾಡಿಸಿ ನೋಡಿ "ಚಲೋ ಆಗ್ಯಾದ" ಅಂದರು. ಚಿಲಕ ತೆಗೆಯಲಿಲ್ಲ. ಕೂಲಿಯ ನೋಟುಗಳನ್ನ ಸರಳಿನ ಸಂದಿಯಿಂದಲೇ ನಮ್ಮ ಅಂಗೈಗೆ ಉದುರಿಸಿದರು. ಆ ಸಂದಿಯ ಅಳತೆ ಹಾಕಿದವರೂ ನಾವೇ, ನಾಲ್ಕು ಬೆರಳು.